ಅಪ್ಪಯ್ಯನ ಪೆಟ್ಟಿಗೆ ಅಟ್ಟದಿಂದ ಇಳಿದ ಬಗೆ

ಹೊಟ್ಟೆಪಾಡಿಗೆ ನಾನು ಮಾಡುವುದು ಕಾಗದದ ಕೆಲಸ. ಮುಂಬಯಿಯ ಫೋರ್ಟ್‌ನಲ್ಲಿ ಒಂದು ಸಣ್ಣ ಸಿಎ ಆಫೀಸು. ಬೇರೆಯವರ ಜಿಎಸ್‌ಟಿ, ಬೇರೆಯವರ ಇನ್‌ಕಮ್ ಟ್ಯಾಕ್ಸ್, ಬೇರೆಯವರಿಗೆ ಬಂದ ನೋಟಿಸಿಗೆ ಉತ್ತರ. ಕೊನೆಯ ದಿನಾಂಕ ಅಂದರೆ ನನಗೇನೂ ಭಯವಿಲ್ಲ, ತಲೆ ನರೆತದ್ದೇ ಅದರಲ್ಲಿ. ಆದರೆ ಡೊಂಬಿವಲಿಯ ನಮ್ಮ ಮನೆಯ ಅಟ್ಟದ ಮೇಲೆ ಅಪ್ಪಯ್ಯನ ಒಂದು ತಗಡಿನ ಪೆಟ್ಟಿಗೆ ಇತ್ತು. ಅವರು ತೀರಿಕೊಂಡದ್ದು 2017ರಲ್ಲಿ. ಪೆಟ್ಟಿಗೆಯಲ್ಲಿ ಹಳೇ ಷೇರು ಪತ್ರಗಳಿವೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಳಿಸಬೇಕು, ಬಿಚ್ಚಬೇಕು, ಅಮ್ಮನ ಹೆಸರಿಗೆ ಮಾಡಿಸಬೇಕು ಅಂತಲೂ ಗೊತ್ತು. ಆದರೂ ವರ್ಷಗಟ್ಟಲೆ ಅದು ಮೇಲೆಯೇ ಇತ್ತು.

"ಮಗಾ, ಆ ಪೆಟ್ಟಿಗೆ ಯಾವಾಗ ಕಾಂಬುದು?" ಅಂತ ಅಮ್ಮ ಕೇಳುತ್ತಿದ್ದರು. ಬರುವ ಭಾನುವಾರ ಅಂತ ನಾನು ಹೇಳುತ್ತಿದ್ದೆ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸುತ್ತಿರಲಿಲ್ಲ, ಅದೇ ವಿಚಿತ್ರ.

ಮನಸ್ಸು ಮಾಡಬೇಕು ಅಷ್ಟೇ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಮಾಡುವುದು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್‌ನಲ್ಲೂ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಕೂರಲು ಜಾಗ ಸಿಕ್ಕಿದ ದಿನ ಹುರಿದುಂಬಿಸುವ ವಿಡಿಯೊ ನೋಡುತ್ತಿದ್ದೆ. ಒಬ್ಬ ವೇದಿಕೆಯ ಮೇಲೆ ಓಡಾಡುತ್ತಾ ಕೂಗುತ್ತಾನೆ, ಇನ್ನೊಬ್ಬ 21 ದಿನದಲ್ಲಿ ಬದುಕು ಬದಲಾಗುತ್ತದೆ ಅಂತಾನೆ. ಠಾಣೆ ದಾಟುವಷ್ಟರಲ್ಲಿ ನನಗೆ ಉಮೇದು ಬಂದಿರುತ್ತಿತ್ತು. ಪೆಟ್ಟಿಗೆ ಇಳಿಸಿ, ಕಾಗದ ಎಲ್ಲ ಸರಿಮಾಡಿ, ಅಮ್ಮನ ಖಾತೆಗೆ ದುಡ್ಡು ಬಂದಂತೆಯೇ ಕಾಣುತ್ತಿತ್ತು. ಸಂಜೆ ಅದೇ ಗಾಡಿಯಲ್ಲಿ ಬಾಗಿಲ ಹತ್ತಿರ ಒತ್ತಿಸಿಕೊಂಡು ನಿಂತು ಮನೆ ಮುಟ್ಟುವಾಗ ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಆಮೇಲೆ ಇದರ ಬಗ್ಗೆ ಓದುವಾಗ ಗೊತ್ತಾಯಿತು, ಆ ಕಾಣುವಿಕೆಯೇ ಒಂದು ತೊಡಕಂತೆ. ಗ್ಯಾಬ್ರಿಯೆಲ್ ಓಟಿಂಗೆನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞೆ. ಅವರೂ ಹೆದರ್ ಕ್ಯಾಪ್ಸ್ ಎಂಬವರೂ 2011ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಆಸೆ ಕೈಗೂಡಿದ ಹಾಗೆ ಸವಿಯಾಗಿ ಕಲ್ಪಿಸಿಕೊಂಡವರಲ್ಲಿ ಕೆಲಸಕ್ಕೆ ಬೇಕಾದ ಹುರುಪು ಏರುವ ಬದಲು ಇಳಿದಿತ್ತು. ಠಾಣೆಗೂ ಡೊಂಬಿವಲಿಗೂ ನಡುವೆ ನನಗೆ ಆಗುತ್ತಿದ್ದದ್ದು ಅದೇ. ಇನ್ನು ಆ 21 ದಿನದ ಲೆಕ್ಕ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಅಭ್ಯಾಸ ಕೂರಲು ಜನರಿಗೆ 18ರಿಂದ 254 ದಿನದವರೆಗೆ ಬೇಕಾಗಬಹುದು. ನಡುವಿನ ಲೆಕ್ಕ 66. ಅದಿರಲಿ, ಪೆಟ್ಟಿಗೆ ಬಿಚ್ಚುವುದು ಅಭ್ಯಾಸದ ವಿಷಯವೇ ಅಲ್ಲ. ಒಂದು ಸಲ ಮಾಡಿ ಮುಗಿಸುವ ಕೆಲಸ. ಹಾಗಿದ್ದೂ ಯಾಕೆ ಆಗುವುದಿಲ್ಲ?

ಇದಕ್ಕೆ ದಾರಿ ತೋರಿಸಿದ್ದು ಮಗಳು. ಅವಳು ಕಾಲೇಜಿನಲ್ಲಿ ಸೈಕಾಲಜಿ ಓದುತ್ತಿದ್ದಳು. ಒಂದು ರಾತ್ರಿ ಊಟದ ಹೊತ್ತಿಗೆ ಅಮ್ಮ ಮತ್ತೆ ಪೆಟ್ಟಿಗೆಯ ಮಾತು ತೆಗೆದರು. ನಾನು ಎಂದಿನಂತೆ "ಸೋಮಾರಿತನ, ಏನು ಮಾಡೋದು" ಅಂದೆ. "ಪಪ್ಪಾ, ಸೋಮಾರಿ ಆದವರು ಬೆಳಿಗ್ಗೆ ಐದಕ್ಕೆ ಏಳ್ತಾರಾ? ನಿಮಗೆ ಆ ಪೆಟ್ಟಿಗೆ ಕಂಡ್ರೆ ಆಗಲ್ಲ, ಅಷ್ಟೇ" ಅಂದಳು. ಕೆಲಸ ಮುಂದೂಡುವುದು ಹೊತ್ತನ್ನು ಹೊಂದಿಸಲು ಬಾರದ್ದರಿಂದ ಅಲ್ಲ, ಆ ಕೆಲಸ ಹುಟ್ಟಿಸುವ ಕಿರಿಕಿರಿಯಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲು ಅಂತ ಫ್ಯೂಶಿಯಾ ಸಿರೊಯಿ ಮತ್ತು ಟಿಮತಿ ಪಿಚಿಲ್ 2013ರಲ್ಲಿ ವಾದಿಸಿದ್ದಾರೆ ಅಂತ ಪುಸ್ತಕ ತಂದು ತೋರಿಸಿದಳು. ನಾಳೆ ಮಾಡುತ್ತೇನೆ ಅಂದ ಕೂಡಲೇ ಎದೆ ಹಗುರಾಗುತ್ತದಲ್ಲ, ಆ ಹಗುರಕ್ಕೇ ನಾವು ಮರಳಿ ಮರಳಿ ಹೋಗುತ್ತೇವಂತೆ.

ನನ್ನಂಥವನಿಗೆ ಯೋಚನೆ ಬರುವುದು ಬರೆದಾಗಲೇ. ಆಫೀಸಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಒಂದೊಂದೇ ನಮೂದು ನೋಡುತ್ತೇವೆ, ಇಲ್ಲೂ ಹಾಗೇ ಮಾಡಿದೆ. ಪೆಟ್ಟಿಗೆ ಅಂದ ಕೂಡಲೇ ಏನೇನು ಬೇಡವೆನ್ನಿಸುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದೆ. ಅಟ್ಟಕ್ಕೆ ಏಣಿ ಬೇಕು. ಏಣಿ ಸೊಸೈಟಿಯದು, ಅದನ್ನು ವಾಚ್‌ಮನ್ ಹತ್ತಿರ ಕೇಳಿ ನಾಲ್ಕು ಮಹಡಿ ಹತ್ತಿಸಬೇಕು. ಪೆಟ್ಟಿಗೆಯ ಮುಂದೆ ಹಳೇ ಕೂಲರ್, ಗಣಪತಿ ಕೂರಿಸುವ ಅಲಂಕಾರದ ಮಖರ, ಮಗಳ ಶಾಲೆಯ ಪುಸ್ತಕ ಎಲ್ಲ ಇವೆ. ಧೂಳಿಗೆ ನನಗೆ ಸೀನು. ಬಿಚ್ಚಿದ ಮೇಲೆ ಮೊದಲು ಏನು ಮಾಡಬೇಕು ಗೊತ್ತಿಲ್ಲ. ಎಲ್ಲ ಮಾಡಿದ ಮೇಲೂ ಅವು ಮುಚ್ಚಿಹೋದ ಕಂಪನಿಗಳ ಕಾಗದವಾಗಿದ್ದರೆ? ಕೊನೆಗೆ ಬರೆದದ್ದು: ಅಪ್ಪಯ್ಯನ ಅಕ್ಷರ ನೋಡಬೇಕಾಗುತ್ತದೆ.

ಬರೆದು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಇವೆಲ್ಲ ಒಂದೇ ಜಾತಿಯ ಅಡ್ಡಿಗಳಲ್ಲ. ಏಣಿ ಇಲ್ಲದ್ದಕ್ಕೆ ಛಲ ಬೇಡ, ಏಣಿ ಬೇಕು. ಮೊದಲು ಏನು ಮಾಡಬೇಕು ಗೊತ್ತಿಲ್ಲದ್ದಕ್ಕೆ ಗೊತ್ತಿರುವವರು ಬೇಕು. ಅಕ್ಷರ ನೋಡುವ ಸಂಕಟಕ್ಕೆ ಇವೆರಡೂ ಆಗುವುದಿಲ್ಲ, ಅದಕ್ಕೆ ಬೇರೆಯೇ ಏನೋ ಬೇಕು. ಎಲ್ಲಕ್ಕೂ ಸೇರಿಸಿ ನಾನು ವಿಡಿಯೊ ನೋಡುತ್ತಿದ್ದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ 2009ರಲ್ಲಿ ಮುಂದಿಟ್ಟ ಒಂದು ವಿವರಣೆ ಇದೆ. ಯಾವುದೇ ಕೆಲಸ ನಡೆಯಬೇಕಾದರೆ ಮೂರು ಒಂದೇ ಗಳಿಗೆಯಲ್ಲಿ ಕೂಡಬೇಕು: ಮಾಡುವ ಮನಸ್ಸು, ಮಾಡಲು ಆಗುವಷ್ಟು ಸುಲಭ, ಈಗ ಮಾಡು ಅಂತ ಎಬ್ಬಿಸುವ ಏನೋ ಒಂದು. ಮನಸ್ಸು ಏರುತ್ತದೆ, ಇಳಿಯುತ್ತದೆ, ಅದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಕೆಲಸವನ್ನು ಸುಲಭ ಮಾಡುವುದು ಮಾತ್ರ ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ. ಮಗಳು ಇದನ್ನು ಒಂದು ಗೆರೆಯೆಳೆದು ತೋರಿಸಿದಾಗ ನನಗೆ ನೆನಪಾದದ್ದು ಅಪ್ಪಯ್ಯ.

ಅಪ್ಪಯ್ಯ ಕುಂದಾಪುರ ಬಿಟ್ಟು ಮುಂಬಯಿಗೆ ಬಂದಾಗ ಇನ್ನೂ ಮೀಸೆ ಬಾರದ ಹುಡುಗ. ಹಗಲು ಫೋರ್ಟ್‌ನ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯುವುದು, ರಾತ್ರಿ ಕನ್ನಡ ಶಾಲೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಈ ಊರಿನ ರಾತ್ರಿಶಾಲೆಗಳಲ್ಲಿ ಹೀಗೇ ಓದಿ ಎಸ್ಸೆಸ್ಸಿ ದಾಟಿದರು. ಸಂಘದ ಸಭೆಗಳಲ್ಲಿ ಅದನ್ನು ಛಲ, ತಪಸ್ಸು ಅಂತೆಲ್ಲ ವರ್ಣಿಸುವವರಿದ್ದಾರೆ. ನಾನೂ ಅದನ್ನೇ ನಂಬಿ ಚಿಕ್ಕವನಿದ್ದಾಗ ಕೇಳಿದ್ದೆ, ಅಷ್ಟು ದುಡಿದು ಓದಲು ಮನಸ್ಸು ಹೇಗೆ ಬರುತ್ತಿತ್ತು ಅಂತ. ಅವರು ನಕ್ಕಿದ್ದರು. "ಮನಸ್ಸು ಎಂತ ಬಂತು? ಹುಡ್ಗ್ರೆಲ್ಲ ಎದ್ ಹೊರಡ್ತಿದ್ರು. ಕ್ಯಾಂಟೀನಂಗೆ ಒಬ್ನೇ ಕೂಕಂಡ್ ಎಂತ ಮಾಡೂದು?"

ಶಾಲೆ ನಡೆದು ಹೋಗುವಷ್ಟು ಹತ್ತಿರ. ಫೀಸು ಇಲ್ಲ. ಮಾಸ್ತರರಿಗೆ ಇವರು ಯಾವ ಕ್ಯಾಂಟೀನಿನ ಹುಡುಗ ಅಂತ ಗೊತ್ತು, ಎರಡು ದಿನ ಕಾಣದಿದ್ದರೆ ಧಣಿಗಳ ಹತ್ತಿರವೇ ಕೇಳುತ್ತಿದ್ದರಂತೆ. ನಡುವೆ ಒಂದು ವರ್ಷ ಜೊತೆಯ ಹುಡುಗರು ಬೇರೆ ಬೇರೆ ಹೋಟೆಲಿಗೆ ಹೋದಾಗ ಅಪ್ಪಯ್ಯನ ಓದೂ ನಿಂತಿತು. ಮರುವರ್ಷ ಊರಿನಿಂದ ಇನ್ನೊಬ್ಬ ಬಂದು ಶಾಲೆಗೆ ಸೇರಿದ, ಇವರೂ ಮತ್ತೆ ಹೋದರು. ಅವರ ಛಲವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಶಾಲೆ ಕಟ್ಟಿದವರು ಹುಡುಗರ ಛಲವನ್ನು ನೆಚ್ಚಿ ಕೂತಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ, ಕೆಲಸ ಮಾಡುವ ಜಾಗದ ಪಕ್ಕದಲ್ಲೇ, ಬಾಗಿಲು ತೆಗೆದಿಟ್ಟರು.

ಹಾಗಾಗಿ ನಾನು ಏಣಿಯಿಂದ ಶುರುಮಾಡಿದೆ. ದೀಪಾವಳಿಗೆ ಮುಂಚೆ ಪಕ್ಕದ ಮನೆಗೆ ಪೇಂಟರ್ ಬಂದಿದ್ದ. ಅವನ ಘೋಡಿ, ಅಂದರೆ ಕಾಲು ಅಗಲಿಸಿ ನಿಲ್ಲುವ ಏಣಿ, ಪ್ಯಾಸೇಜಿನಲ್ಲೇ ಇತ್ತು. ಚಹಾ ಕೊಟ್ಟು, ಆ ಪೆಟ್ಟಿಗೆ ಒಂದು ಇಳಿಸಿಕೊಡಪ್ಪ ಅಂದೆ. ಐದು ನಿಮಿಷ ಹಿಡಿಯಲಿಲ್ಲ. ಅಷ್ಟು ವರ್ಷ ಕೂತಿದ್ದ ಪೆಟ್ಟಿಗೆ ಐದು ನಿಮಿಷದಲ್ಲಿ ನೆಲಕ್ಕೆ ಬಂತು, ಅದೂ ನನ್ನ ಕೈಯಿಂದಲ್ಲ.

ಅವತ್ತು ಅದನ್ನು ಬಿಚ್ಚಲೂ ಇಲ್ಲ. ಒರೆಸಿ ಹಾಲಿನಲ್ಲಿ ಟಿವಿಯ ಮುಂದೆ ಇಟ್ಟೆ. ನಮ್ಮದು ಒನ್ ಬಿಎಚ್‌ಕೆ. ಹೋಗುತ್ತ ಬರುತ್ತ ಎಲ್ಲರ ಕಾಲಿಗೂ ತಾಗುತ್ತಿತ್ತು. ಹೆಂಡತಿ ಬೈದಳು, ಕೆಲಸದಾಕೆ ಗೊಣಗಿದಳು. ಎಬ್ಬಿಸುವ ಏನೋ ಒಂದು ಬೇಕು ಅಂದಿದ್ದರಲ್ಲ ಫಾಗ್, ಅದು ನನಗೆ ದಿನವೂ ಎರಡು ದನಿಯಲ್ಲಿ ಕೇಳುತ್ತಿತ್ತು. ಮೊಬೈಲಿನಲ್ಲಿ ರಿಮೈಂಡರ್ ಹಾಕಿದ್ದರೆ ಒರೆಸಿಹಾಕಿ ಸುಮ್ಮನಿರುತ್ತಿದ್ದೆ. ಕಾಲಿಗೆ ತಾಗುವ ಪೆಟ್ಟಿಗೆಯನ್ನು ಹಾಗೆ ಒರೆಸಲು ಆಗುವುದಿಲ್ಲ.

ಬಿಚ್ಚಿದ ದಿನ ನಾನು ಇಟ್ಟುಕೊಂಡ ಕೆಲಸ ಒಂದೇ: ಲಕೋಟೆಗಳನ್ನು ಕಂಪನಿವಾರು ಬೇರೆ ಮಾಡುವುದು. ಓದಬೇಕಿಲ್ಲ, ಬೆಲೆ ನೋಡಬೇಕಿಲ್ಲ, ಯಾರಿಗೂ ಫೋನ್ ಮಾಡಬೇಕಿಲ್ಲ. ಜೊತೆಗೆ ತಾಳಮದ್ದಳೆಯ ಹಳೇ ಧ್ವನಿಮುದ್ರಿಕೆ ಹಾಕಿಕೊಂಡೆ. ಇಷ್ಟದ್ದನ್ನು ಬೇಡದ ಕೆಲಸಕ್ಕೆ ಕಟ್ಟಿಹಾಕುವ ಈ ಉಪಾಯವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ಕೆಳಗಿಡಲು ಆಗದಂಥ ಕಾದಂಬರಿಗಳ ಧ್ವನಿಮುದ್ರಣ, ಆದರೆ ಕೇಳಬೇಕಾದರೆ ಜಿಮ್ಮಿಗೇ ಬರಬೇಕು. ಆ ಗುಂಪಿನವರು ಮೊದಮೊದಲು ಉಳಿದವರಿಗಿಂತ ಜಾಸ್ತಿ ಬಂದರು. ನಡುವೆ ಹಬ್ಬದ ರಜೆ ಬಂದ ಮೇಲೆ ಆ ಉತ್ಸಾಹ ಇಳಿದುಹೋಯಿತು. ನನ್ನ ಅನುಭವವೂ ಅದೇ ಜಾಡು. ಲಕೋಟೆ ಬೇರೆ ಮಾಡುವಾಗ ಭಾಗವತರ ಪದ ಬಹಳ ಹಿತವಾಯಿತು. ಫಾರಂ ತುಂಬುವ ಹಂತಕ್ಕೆ ಬಂದಾಗ ಮಾತ್ರ ಉಪದ್ರವ. ವಾಲಿಯೂ ರಾಮನೂ ವಾದಕ್ಕೆ ಕೂತರೆ ಷೇರುದಾರರ ಖಾತೆಯ ಫೋಲಿಯೋ ನಂಬರ್ ಯಾರು ನೋಡುತ್ತಾರೆ? ಕೈಯಷ್ಟೇ ದುಡಿಯುವ ಕೆಲಸಕ್ಕೆ ಈ ಉಪಾಯ ಸರಿ, ತಲೆ ಓಡಬೇಕಾದಲ್ಲಿ ಬೇಡ.

ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಕಾಲದ ಕಾಗದ. ಒಂದು ರಾಶಿ 1970ರ ದಶಕದ ಕೊನೆಯದು. 1973ರ ಫೆರಾ ಎಂಬ ವಿದೇಶಿ ವಿನಿಮಯ ಕಾನೂನಿನಿಂದಾಗಿ ಅನೇಕ ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನು 40 ಶೇಕಡಕ್ಕೆ ಇಳಿಸಬೇಕಾಗಿ ಬಂದು, ಭಾರತೀಯರಿಗೆ ಷೇರು ಮಾರಿದವು. ಮುಂಬಯಿಯ ಗುಮಾಸ್ತರು ಸಾಲ ಮಾಡಿ ಅರ್ಜಿ ಹಾಕಿದ ಕಾಲ ಅದು. ಅಪ್ಪಯ್ಯ ಆಗ ಪರೇಲಿನ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ಇನ್ನೊಂದು ರಾಶಿ ಅವರ ಗಿರಣಿಯದ್ದೇ. 1982ರ ಜನವರಿ 18ಕ್ಕೆ ಶುರುವಾದ ಗಿರಣಿ ಮುಷ್ಕರದ ಮೇಲೆ ಅದು ಚೇತರಿಸಿಕೊಳ್ಳಲೇ ಇಲ್ಲ. ಪ್ರತಿ ಲಕೋಟೆಯ ಮೇಲೂ ಅಪ್ಪಯ್ಯನ ಓರೆ ಅಕ್ಷರದಲ್ಲಿ ದಿನಾಂಕ, ಕೊಟ್ಟ ಹಣ, ಯಾರ ಹತ್ತಿರ ಕೈಗಡ ತಂದದ್ದು. ಒಂದೆರಡು ಲಕೋಟೆ ಆದ ಮೇಲೆ ನಾನು ಎದ್ದು ಗ್ಯಾಲರಿಗೆ ಹೋಗಿ ನಿಂತೆ. ಅಮ್ಮ ಬಂದು ನನ್ನ ಜಾಗದಲ್ಲಿ ಕೂತು ಉಳಿದದ್ದನ್ನು ಬೇರೆ ಮಾಡಿದರು. ಅವರಿಗೆ ಆ ಅಕ್ಷರ ನೋಡಿ ಏನೂ ಕಷ್ಟವಾದಂತೆ ಕಾಣಲಿಲ್ಲ. "ಈ ಐನೂರು ನನ್ ಬಳೆ ಇಟ್ ತಂದದ್ದ್" ಅಂತ ನಡುವೆ ಒಂದು ಮಾತು ಹೇಳಿದರು, ಅಷ್ಟೇ.

ಬೇರೆ ಮಾಡಿದ್ದಾಯಿತು. ಆಮೇಲೆ ಎಲ್ಲ ನಿಂತುಹೋಯಿತು.

ನಿಂತದ್ದು ಯಾಕೆ ಅಂತ ತಿಳಿಯಬೇಕಾದರೆ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. 2019ರ ಏಪ್ರಿಲ್ 1ರಿಂದ ಕಾಗದದ ಷೇರುಗಳನ್ನು ಒಬ್ಬರಿಂದ ಒಬ್ಬರಿಗೆ ಮಾರಿ ವರ್ಗಾಯಿಸುವಂತಿಲ್ಲ. ಸತ್ತವರ ಷೇರು ವಾರಸುದಾರರಿಗೆ ಬರುವುದಕ್ಕೆ ಅಡ್ಡಿಯಿಲ್ಲ. ಆದರೆ 2022ರ ಜನವರಿಯಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ತಂದ ನಿಯಮದ ಪ್ರಕಾರ ಅದೂ ಡಿಮ್ಯಾಟ್ ರೂಪದಲ್ಲೇ, ಅಂದರೆ ಕಾಗದವಿಲ್ಲದೆ ಕಂಪ್ಯೂಟರಿನ ಖಾತೆಯಲ್ಲೇ, ಬರಬೇಕು. ನಾನು ಓಡಾಡಿದ ಹೊತ್ತಿನಲ್ಲಿ ಕ್ರಮ ಹೀಗಿತ್ತು. ಕಂಪನಿಯ ರಿಜಿಸ್ಟ್ರಾರ್, ಅಂದರೆ ಷೇರುದಾರರ ದಾಖಲೆ ಇಡುವವರು, ಯಾರು ಅಂತ ಹುಡುಕಬೇಕು, ಪತ್ರದ ಮೇಲೆ ಅಚ್ಚಾದ ವಿಳಾಸ ಹಳತು. ಐಎಸ್‌ಆರ್-1 ಫಾರಮ್ಮಿನಲ್ಲಿ ಪ್ಯಾನ್, ವಿಳಾಸ, ಬ್ಯಾಂಕಿನ ವಿವರ. ಐಎಸ್‌ಆರ್-2ರಲ್ಲಿ ಬ್ಯಾಂಕಿನವರಿಂದ ಸಹಿಯ ದೃಢೀಕರಣ. ವಾರಸುದಾರಿಕೆಗೆ ಐಎಸ್‌ಆರ್-5. ಎಲ್ಲ ಒಪ್ಪಿಗೆಯಾದರೆ ಅವರೊಂದು ಪತ್ರ ಕೊಡುತ್ತಿದ್ದರು, ಅದನ್ನು ಹಿಡಿದು 120 ದಿನದೊಳಗೆ ಡಿಮ್ಯಾಟ್ ಮಾಡಿಸಬೇಕಿತ್ತು. ಅಮ್ಮ ಎರಡನೇ ಹೆಸರಾಗಿರುವ ಷೇರಿಗೆ ಕೆಲಸ ಸುಲಭ, ಮರಣ ಪ್ರಮಾಣಪತ್ರ ಕೊಟ್ಟು ಅಪ್ಪಯ್ಯನ ಹೆಸರು ತೆಗೆಸಿದರಾಯಿತು. ಅಪ್ಪಯ್ಯನೊಬ್ಬರದೇ ಹೆಸರಿದ್ದು ನಾಮಿನಿ ಇಲ್ಲದಿದ್ದರೆ ತಂಗಿ, ನಾನು ಇಬ್ಬರೂ ನಮ್ಮ ಅಭ್ಯಂತರವಿಲ್ಲ ಅಂತ ಬರೆದುಕೊಡಬೇಕು.

ಇದೆಲ್ಲ ತಿಳಿದ ಮೇಲೂ ಫಾರಂ ತುಂಬಲು ಕೈ ಏಳಲಿಲ್ಲ. ಭಾನುವಾರ ಬೆಳಿಗ್ಗೆ ಕೂರುವುದು ಅಂತ ಇಟ್ಟುಕೊಂಡೆ. ಭಾನುವಾರ ಅಂದರೆ ಮದುವೆ, ಗೃಹಪ್ರವೇಶ, ಸಂಘದ ಮೀಟಿಂಗು, ಇಲ್ಲದಿದ್ದರೆ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾಬ್ಲಾಕಿನಿಂದ ಯಾರೋ ನೆಂಟರು ನಮ್ಮಲ್ಲೇ ಉಳಿದುಕೊಳ್ಳುವುದು. ಪೆಟ್ಟಿಗೆ ಮತ್ತೆ ಮಂಚದಡಿ ಸೇರಿತು.

ಈ ನಡುವೆ ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಹೇಳಿದಳು: "ಅಣ್ಣಾ, ಓಡಾಟ ಎಲ್ಲ ನಿಂದೇ. ಬಂದದ್ರಲ್ಲಿ ಅರ್ಧ ನೀನೇ ಇಟ್ಕೋ." ಒಳ್ಳೇ ಮನಸ್ಸಿನಿಂದಲೇ ಹೇಳಿದಳು. ಆದರೆ ಆ ಮಾತಿನ ನಂತರ ನನಗೆ ಇದ್ದ ಚೂರು ಉತ್ಸಾಹವೂ ಹೋಯಿತು. ಅಲ್ಲಿಯವರೆಗೆ ಅದು ಅಮ್ಮನಿಗಾಗಿ ಮಾಡುವ ಕೆಲಸ. ಈಗ ಕಮಿಷನ್ನಿನ ಕೆಲಸ, ಅದೂ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಕಮಿಷನ್. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಸೋಮ ಎಂಬ ಒಗಟು ಕೊಟ್ಟು ನೋಡಿದ್ದರು. ಒಂದು ಗುಂಪಿಗೆ ಬಿಡಿಸಿದ ಒಂದೊಂದಕ್ಕೂ ಒಂದು ಡಾಲರ್. ಆಮೇಲೆ ಹಣ ನಿಲ್ಲಿಸಿದಾಗ ಆ ಗುಂಪಿನವರು ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮುಟ್ಟುವುದೇ ಕಡಿಮೆಯಾಯಿತು. ಹಣ ಎಲ್ಲ ಕಡೆಯೂ ಉತ್ಸಾಹ ಕೆಡಿಸುತ್ತದೆ ಅಂತಲ್ಲ. ಸಂಬಳ ಇಲ್ಲದಿದ್ದರೆ ನಾನು ಫೋರ್ಟಿಗೆ ಯಾಕೆ ಹೋಗಲಿ? ಆದರೆ ಬೇರೆ ಕಾರಣಕ್ಕೆ ಮಾಡುತ್ತಿದ್ದ ಕೆಲಸಕ್ಕೆ ನಡುವೆ ಹಣ ತಂದಿಟ್ಟರೆ ಮೊದಲಿನ ಕಾರಣ ಮಸುಕಾಗುತ್ತದೆ. ತಂಗಿಗೆ ಫೋನ್ ಮಾಡಿ, ಎಲ್ಲವೂ ಅಮ್ಮನ ಖಾತೆಗೆ, ಆಮೇಲಿನದು ಅಮ್ಮನ ಇಷ್ಟ ಅಂದೆ. ಹಗುರಾಯಿತು.

ಕೆಲಸ ಮುಂದೆ ಹೋದದ್ದು ಬೇರೊಂದು ಯೋಚನೆಯಿಂದ. ಒಂದು ದಿನ ಆಫೀಸಿನಲ್ಲಿ ಒಬ್ಬ ಕಕ್ಷಿದಾರರ ಹತ್ತಾರು ಪುಟದ ಅರ್ಜಿಯನ್ನು ಊಟಕ್ಕೆ ಮುಂಚೆ ಮುಗಿಸಿ ಎದ್ದೆ. ಅಮ್ಮನ ಫಾರಂ ಎರಡು ಪುಟ. ಇದು ಯಾಕೆ ಆಗುತ್ತದೆ, ಅದು ಯಾಕೆ ಆಗುವುದಿಲ್ಲ? ನನ್ನ ಮೇಜನ್ನೇ ನೋಡಿದೆ. ಪೆನ್ನು ಇದೆ, ಪಂಚ್ ಇದೆ, ಸ್ಟೇಪ್ಲರ್, ಇಂಕ್‌ಪ್ಯಾಡ್, ಪಕ್ಕದಲ್ಲೇ ಝೆರಾಕ್ಸ್. ಫೈಲಿಗೆ ನಂಬರ್ ಇದೆ. ಯಾವ ಕಾಗದ ಬಂತು, ಯಾವುದು ಬಾಕಿ ಅಂತ ಮೊದಲ ಪುಟದಲ್ಲೇ ಪಟ್ಟಿ ಇದೆ. ಮನೆಯಲ್ಲಿ ಪೆನ್ನು ಹುಡುಕುವುದರಲ್ಲೇ ಮನಸ್ಸು ಮುರಿಯುತ್ತದೆ. ಇನ್ನೊಂದು, ಆಫೀಸಿನಲ್ಲಿ ನಾನು ಮಗನಲ್ಲ, ಗುಮಾಸ್ತ.

ಸಾಹೇಬರನ್ನು ಕೇಳಿದೆ. ಮಾಡಿ, ಅದರಲ್ಲೇನು ಅಂದರು. ಮರುದಿನ ಕಾಗದಗಳನ್ನು ಟಿಫಿನ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಅಮ್ಮನ ಹೆಸರಿನಲ್ಲಿ ಒಂದು ಫೈಲು ತೆರೆದೆ. ರಿಜಿಸ್ಟರಿನಲ್ಲಿ ಅದಕ್ಕೂ ಒಂದು ನಂಬರು. ಮೂಲ ಷೇರು ಪತ್ರ ಕೈಯಲ್ಲಿಟ್ಟುಕೊಳ್ಳುವ ಬದಲು ಝೆರಾಕ್ಸ್ ನೋಡಿ ತುಂಬಿದೆ. ಝೆರಾಕ್ಸಿನಲ್ಲಿ ಅಪ್ಪಯ್ಯನ ಅಕ್ಷರ ಬರೀ ಮಾಹಿತಿ. ಊಟ ಮುಗಿಸಿ ಡಬ್ಬಿ ತೊಳೆದು ಬಂದ ಕೂಡಲೇ ಆ ಫೈಲು, ಗಡಿಯಾರ ನೋಡುವ ಪ್ರಶ್ನೆಯೇ ಇಲ್ಲ. ಮದುವೆ, ಮೆಗಾಬ್ಲಾಕ್ ಏನೇ ಇರಲಿ, ಆಫೀಸಿನಲ್ಲಿ ಊಟವಂತೂ ತಪ್ಪುವುದಿಲ್ಲ. ಅಮ್ಮ ಎರಡನೇ ಹೆಸರಾಗಿದ್ದ ಕಂಪನಿಯನ್ನೇ ಮೊದಲು ಎತ್ತಿಕೊಂಡೆ, ಬೆಲೆ ಕಡಿಮೆಯಾದರೂ ಪರವಾಗಿಲ್ಲ ಅಂತ. ಒಂದಾದರೂ ಮುಗಿದದ್ದನ್ನು ಕಣ್ಣಲ್ಲಿ ನೋಡಬೇಕಿತ್ತು.

ಹೀಗಾದರೆ ಹೀಗೆ ಅಂತ ಮೊದಲೇ ಗೊತ್ತುಮಾಡಿಕೊಳ್ಳುವ ಈ ಕ್ರಮದ ಬಗ್ಗೆ ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಬಹಳ ಕೆಲಸ ಮಾಡಿದ್ದಾರೆ. 1997ರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕ್ರಿಸ್‌ಮಸ್ ಹಬ್ಬದ ಬಗ್ಗೆ ಎರಡು ದಿನದೊಳಗೆ ಬರೆದು ಕಳಿಸಬೇಕಿತ್ತು. ಯಾವಾಗ, ಎಲ್ಲಿ ಕೂತು ಬರೆಯುತ್ತೇವೆ ಅಂತ ಮೊದಲೇ ನಿರ್ಧರಿಸಿದವರಲ್ಲಿ ಸಮಯಕ್ಕೆ ಮುಗಿಸಿದವರು, ಹಾಗೆ ನಿರ್ಧರಿಸದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಇದು ನಿಜವಾಗಿ ಕೈಹಿಡಿಯುವುದು ಶುರುಮಾಡುವಾಗ ಅಲ್ಲ, ಪೆಟ್ಟು ಬಿದ್ದಾಗ ಅಂತ ನನ್ನ ಅನ್ನಿಸಿಕೆ. ಈ ಕೆಲಸದಲ್ಲಿ ಕಾಗದ ವಾಪಸ್ ಬರುವುದು ಖಂಡಿತ. ವಾಪಸ್ ಬಂದ ಲಕೋಟೆ ಮೇಜಿನ ಡ್ರಾಯರಿಗೆ ಹೋದರೆ ಮತ್ತೆ ಹೊರಬರುವುದಿಲ್ಲ ಅಂತಲೂ ನನಗೆ ಗೊತ್ತು.

ಅದಕ್ಕೆ ಸಿಕ್ಕವರು ನಮ್ಮ ಲೋಕಲ್ ಗುಂಪಿನ ಒಬ್ಬ ಹಿರಿಯರು. ಬ್ಯಾಂಕಿನಿಂದ ನಿವೃತ್ತರಾಗಿ ಈಗ ಮಸ್ಜಿದ್ ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಮಾವನ ಷೇರುಗಳನ್ನು ಹೀಗೇ ಬಿಡಿಸಿದವರು. "ಹ್ವಾಯ್, ವಾಪಸ್ ಬಂದ್ರೆ ಬೇಜಾರ್ ಮಾಡ್ಕಣ್ಬೇಡಿ. ಬಂದ ದಿನವೇ ಫೋಟೋ ತೆಗ್ದ್ ನಂಗೆ ಹಾಕಿ. ಮರುದಿನ ಗಾಡಿಯಂಗೆ ಮಾತಾಡುವ" ಅಂದರು. ಮಾತು ಅಷ್ಟೇ, ಆದರೆ ನಾನು ಅದನ್ನು ಫೈಲಿನ ಮೊದಲ ಪುಟದಲ್ಲಿ ಬರೆದುಕೊಂಡೆ: ವಾಪಸ್ ಬಂದರೆ, ಲಕೋಟೆ ಕೆಳಗಿಡುವ ಮುಂಚೆ, ಫೋಟೋ.

ವಾಪಸ್ ಬಂತು. ಅಮ್ಮನ ಸಹಿ ಹೊಂದುವುದಿಲ್ಲ ಅಂತ. ಸರಿಯೇ, ನಲವತ್ತು ವರ್ಷದ ಹಿಂದಿನ ಸಹಿ ಕನ್ನಡದಲ್ಲಿದೆ, ಈಗ ಅವರು ಬ್ಯಾಂಕಿನಲ್ಲಿ ಹಾಕುವುದು ಇಂಗ್ಲಿಷಿನಲ್ಲಿ. ಮತ್ತೊಂದು ಕಡೆಯಿಂದ ಹೆಸರು ಬೇರೆ ಅಂತ ಬಂತು. ಷೇರು ಪತ್ರದಲ್ಲಿ ಅಮ್ಮನ ಹೆಸರಿನ ಹಿಂದೆ ಊರಿನ ಹೆಸರು, ಪ್ಯಾನಿನಲ್ಲಿ ಗಂಡನ ಹೆಸರು. ಫೋಟೋ ತೆಗೆದು ಹಾಕಿದೆ. ಮರುದಿನ ಕಲ್ಯಾಣದ ಕಡೆಯಿಂದ ತುಂಬಿ ಬಂದ ಗಾಡಿಯಲ್ಲಿ, ಯಾರದೋ ಬ್ಯಾಗಿನ ಕೆಳಗಿಂದ ತಲೆ ಹೊರಹಾಕಿ ಅವರು ಪರಿಹಾರ ಹೇಳಿದರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್, ಐಎಸ್‌ಆರ್-2ರಲ್ಲಿ ಹೊಸ ಸಹಿಗೆ ಬ್ಯಾಂಕಿನ ಮುದ್ರೆ. ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಕಾಯಿತು. ಮಂಡಿನೋವು, ಮಳೆ, ಮೇಲೆ ಮ್ಯಾನೇಜರ್ ರಜೆ. ನನಗೆ ಎಲ್ಲ ಬಿಟ್ಟುಬಿಡೋಣ ಅನ್ನಿಸಿತು. ಅಮ್ಮ ಮಾತ್ರ ಹೊರಗೆ ಬಂದದ್ದೇ ಖುಷಿ ಅನ್ನುವಂತೆ ಪಕ್ಕದ ಅಂಗಡಿಯಲ್ಲಿ ಬಟಾಟೆವಡೆ ಕೊಡಿಸಿಕೊಂಡು ತಿಂದರು. ಆಮೇಲಿನ ಸಲವೂ ಬ್ಯಾಂಕಿಗೆ ಅಂದರೆ ಬಟಾಟೆವಡೆ ಅಂತ ಆಯಿತು, ಕರೆದರೆ ಕೂಡಲೇ ಸೀರೆ ಬದಲಿಸಿ ಹೊರಡುತ್ತಿದ್ದರು. ಮಿಲ್ಕ್‌ಮನ್ ಅವರ ಉಪಾಯ ನನಗಿಂತ ಅಮ್ಮನಿಗೇ ಚೆನ್ನಾಗಿ ಹಿಡಿಸಿತು.

ಮೊದಲ ಕಂಪನಿಯ ಷೇರು ಅಮ್ಮನ ಡಿಮ್ಯಾಟ್ ಖಾತೆಗೆ ಬಂದ ದಿನ ಮೊಬೈಲಿಗೆ ಮೆಸೇಜು ಬಂತು. ತೋರಿಸಿದೆ. "ದುಡ್ಡ್ ಬತ್ತಾ?" ಅಂತ ಕೇಳಿದರು. ಡಿವಿಡೆಂಡ್, ಅಂದರೆ ಕಂಪನಿಯ ಲಾಭದ ಪಾಲು, ಬರುತ್ತದೆ ಅಂದೆ. ಎಷ್ಟು ಅಂದಾಗ ಹೇಳಿದೆ, ನಕ್ಕರು. ಬಳೆಗೆ ಸಾಕಾಗದು. ಆದರೆ ಎರಡನೆಯದು, ಮೂರನೆಯದು ಎತ್ತಿಕೊಳ್ಳುವಾಗ ನನಗೆ ಯಾವ ತಯಾರಿಯೂ ಬೇಕಾಗಲಿಲ್ಲ. ಉಮೇದು ಬಂದರೆ ಕೆಲಸ ಅಂದುಕೊಂಡಿದ್ದೆ, ಇಲ್ಲಿ ಕೆಲಸ ಒಂದು ಮುಗಿದ ಮೇಲೆ ಉಮೇದು ಬಂತು. ಗಿರಣಿಯ ಪತ್ರಗಳಿಗೆ ಬೆಲೆ ಇಲ್ಲ, ಕಂಪನಿಯೇ ಇಲ್ಲ. ಮೊದಲು ಹೆದರಿದ್ದು ಇದಕ್ಕೇ. ನಿಜವಾಗಿ ಗೊತ್ತಾದಾಗ ಅರ್ಧ ದಿನ ಬೇಸರವಾಯಿತು, ಅಷ್ಟೇ.

ಇದೇ ಹುರುಪಿನಲ್ಲಿ ಇನ್ನೂ ಒಂದೆರಡಕ್ಕೆ ಕೈ ಹಾಕಿದೆ. ಷೇರು ವ್ಯಾಪಾರ ಕಲಿಯಬೇಕು ಅಂತ ಆಫೀಸಿನ ಹುಡುಗರು ಬಹಳ ದಿನದಿಂದ ಹಿಂದೆ ಬಿದ್ದಿದ್ದರು. ಅದಕ್ಕೂ ಸುಲಭದ ದಾರಿ ಮಾಡಿದೆ, ಹೊತ್ತು ಗೊತ್ತುಮಾಡಿದೆ, ಜೊತೆಗಾರರೂ ಇದ್ದರು. ಆದರೂ ಕೂತರೆ ಆಕಳಿಕೆ. ಇಲ್ಲಿ ಅಡ್ಡಿಯೇನೂ ಇರಲಿಲ್ಲ, ನನಗೆ ಅದು ಬೇಡವಾಗಿತ್ತು. ಪಟ್ಟಿಯಿಂದ ಹೊಡೆದುಹಾಕಿದೆ. ಬೇಡದ್ದನ್ನು ಬೇಡ ಅಂತ ಹೊಡೆದುಹಾಕುವುದೂ ಈ ಕೆಲಸದ ಒಂದು ಭಾಗವೇ, ಅದನ್ನು ಯಾವ ವಿಡಿಯೊದವನೂ ಹೇಳುವುದಿಲ್ಲ.

ಇನ್ನೂ ಒಂದು ಮಾತು. ನಮ್ಮ ಗುಂಪಿನ ಒಬ್ಬರಿಗೆ ನಾನು ಈ ಏಣಿ, ಫೈಲು ಎಲ್ಲ ಹೇಳಿದೆ. ಅವರಿಗೆ ಕೆಲಸ ಹೋಗಲಿ, ಊಟ, ನಿದ್ದೆ, ಭಜನೆ ಯಾವುದೂ ರುಚಿಸದೆ ವಾರಗಳಾಗಿದ್ದವು. ಅದು ಬೇರೆ. ಅದಕ್ಕೆ ಡಾಕ್ಟರೇ ಬೇಕು, ಸುಮ್ನೆ ಉಪಾಯ ಹೇಳುತ್ತಾ ಕೂರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವರ ಮಗನೇ ಫೋನ್ ಹಚ್ಚಿಕೊಟ್ಟ.

ಈಗ ಬಾಕಿ ಇರುವುದು ಅಪ್ಪಯ್ಯನೊಬ್ಬರದೇ ಹೆಸರಿನ ಷೇರು. ಡಿವಿಡೆಂಡ್ ಚೆಕ್ಕುಗಳು ಪರೇಲಿನ ಹಳೇ ಚಾಳಿನ ವಿಳಾಸಕ್ಕೆ ಹೋಗಿ ವಾಪಸಾಗುತ್ತಿದ್ದವು. ಸತತ ಏಳು ವರ್ಷ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಷೇರೂ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗುತ್ತದೆ, ಇದೂ ಹೋಗಿದೆ. ಮರಳಿ ಪಡೆಯಲು ಮೊದಲು ಕಂಪನಿಯಿಂದ ಅರ್ಹತೆಯ ಪತ್ರ, ಆಮೇಲೆ ಆನ್‌ಲೈನಿನಲ್ಲಿ ಐಇಪಿಎಫ್-5 ಅರ್ಜಿ. ಅದಕ್ಕೆ ತಂಗಿಯ ಒಪ್ಪಿಗೆ ಪತ್ರ ಬೇಕು. ಕಳಿಸುತ್ತೇನೆ ಅಣ್ಣಾ, ಈ ವಾರ ಖಂಡಿತ ಅನ್ನುತ್ತಲೇ ಇದ್ದಳು. ಕೊನೆಗೆ ನಾನೇ ಪತ್ರ ಟೈಪ್ ಮಾಡಿಸಿ, ಸಹಿ ಹಾಕುವಲ್ಲೆಲ್ಲ ಪೆನ್ಸಿಲಿನ ಗುರುತು ಹಾಕಿ, ಅವಳ ಮನೆಯ ಹತ್ತಿರದ ನೋಟರಿಯ ವಿಳಾಸ ಬರೆದು, ನನ್ನ ವಿಳಾಸದ ಖಾಲಿ ಲಕೋಟೆಯನ್ನೂ ಒಳಗಿಟ್ಟು ಕಳಿಸಿದೆ. ಬಂದ ಮರುದಿನವೇ ಸಹಿ ಹಾಕಿ ಸ್ಪೀಡ್ ಪೋಸ್ಟ್ ಮಾಡಿದ್ದಾಳೆ.